ವಾಯು ಸುರಂಗ, ಗಣಿ ಸುರಂಗ ಮತ್ತು ಉಪಾಧಿಯ ಪ್ರಶ್ನೆ

ರಾಕೆಟ್ಟಿನ ಮೂತಿಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಹಾರಾಟಕ್ಕೆ ಮೊದಲೇ ತಿಳಿಯಲು ಚಿಕ್ಕ ಲೋಹದ ಮಾದರಿಯನ್ನು ವಾಯು ಸುರಂಗದಲ್ಲಿ ನಿಲ್ಲಿಸಿ ಗಾಳಿ ಹಾಯಿಸುತ್ತಾರೆ. ಅಳೆಯುವುದು ಮಾದರಿಯನ್ನು, ಹಾರುವುದು ರಾಕೆಟ್. ಒಂದರಲ್ಲಿ ಕಂಡದ್ದು ಇನ್ನೊಂದರ ಬಗೆಗಿನ ಜ್ಞಾನವಾಗುವುದು ಯಾವ ಆಧಾರದ ಮೇಲೆ? ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಬಗೆಯನ್ನು ಭಾರತೀಯ ತರ್ಕಶಾಸ್ತ್ರ ಅನುಮಾನ ಪ್ರಮಾಣ ಎನ್ನುತ್ತದೆ; ಅದರ ಚರ್ಚೆಯ ತಿರುಳೂ ಇದೇ.

ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ನಿಲ್ಲುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂಬುದು ನಿಲ್ಲುವುದಿಲ್ಲ. ಕಾದ ಕಬ್ಬಿಣದಲ್ಲಿ ಹೊಗೆ ಎಲ್ಲಿದೆ? ಹೊಗೆ ಏಳಲು ಸೌದೆ ಹಸಿಯಾಗಿರಬೇಕು. ಹೀಗೆ ಹೇಳದೆಯೇ ನಡುವೆ ಸೇರಿಕೊಂಡ ಷರತ್ತನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಉಪಾಧಿ ಎಂದರು. ಮುಂದೆ ದ್ವೈತ ಪಂಥದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಅವರ ಪ್ರಮಾಣ ವಿಚಾರವನ್ನೇ ಒರೆಗೆ ಹಚ್ಚಿದರು.

ವಾಯು ಸುರಂಗದಲ್ಲೂ ಇಂಥ ಉಪಾಧಿ ಅಡಗಿರುತ್ತದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ 1.2 ಮೀಟರ್ ಟ್ರೈಸಾನಿಕ್ (ಶಬ್ದವೇಗಕ್ಕಿಂತ ಕಡಿಮೆ, ಅದರ ಆಸುಪಾಸಿನ ಮತ್ತು ಅದನ್ನು ಮೀರಿದ ವೇಗಗಳ) ಸುರಂಗ 1967ರಿಂದ ಕೆಲಸ ಮಾಡುತ್ತಿದೆ. ಇಸ್ರೋ ರಾಕೆಟ್ಟುಗಳ ಮಾದರಿಗಳು ಅಲ್ಲಿ ಪರೀಕ್ಷೆಗೊಳಗಾಗಿವೆ. ಅವುಗಳಲ್ಲೊಂದಾದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ವ್ಯಾಸ 2.8 ಮೀಟರ್, ಉಪಗ್ರಹವನ್ನು ಮುಚ್ಚುವ ಉಷ್ಣಕವಚದ್ದು 3.2 ಮೀಟರ್. ಇಂಥ ಉಬ್ಬಿದ ತಲೆಗೆ ಶಬ್ದವೇಗದ ಆಸುಪಾಸಿನ ಹಾದಿಯೇ ಕಠಿಣ. ಶಂಕುವಿನಾಕಾರ ಮುಗಿಯುವ ಭುಜದ ಹತ್ತಿರ ಗಾಳಿ ವೇಗ ಪಡೆದು ಆಘಾತ ತರಂಗ ಹುಟ್ಟುತ್ತದೆ; ಅದು ಹಿಂದೆ ಮುಂದೆ ಓಲಾಡಿದರೆ ಕವಚ ಅದುರುತ್ತದೆ.

ಸುರಂಗದಲ್ಲಿ ಮ್ಯಾಕ್ ಸಂಖ್ಯೆಯನ್ನು, ಅಂದರೆ ಶಬ್ದವೇಗಕ್ಕೆ ಹೋಲಿಸಿದ ವೇಗವನ್ನು, ಹಾರಾಟಕ್ಕೆ ಸರಿಹೊಂದಿಸಬಹುದು. ಆದರೆ ಮಾದರಿ ಚಿಕ್ಕದಾದ್ದರಿಂದ, ಹರಿವಿನ ಜಡತ್ವ ಮತ್ತು ಸ್ನಿಗ್ಧತೆಗಳ ಅನುಪಾತವಾದ ರೆನಾಲ್ಡ್ಸ್ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯೇ ಉಳಿಯುತ್ತದೆ. ಮೈಗೆ ಅಂಟಿಕೊಂಡ ಗಾಳಿಯ ತೆಳುಪದರ ನಯವಾಗಿ ಹರಿಯುವುದೋ ಕದಡುವುದೋ ಎಂಬುದು ಅದರ ಮೇಲೆ ನಿಂತಿದೆ, ಆಘಾತ ತರಂಗ ನೆಲೆಸುವ ಜಾಗವೂ ಸಹ. ಇಲ್ಲಿನ ಹಸಿ ಸೌದೆ ಇದೇ. ಆದ್ದರಿಂದ ಮೂತಿಯ ತುದಿಗೆ ಹತ್ತಿರ ಒರಟು ಕಣಗಳ ಸಣ್ಣ ಪಟ್ಟಿ ಅಂಟಿಸಿ ಆ ಪದರವನ್ನು ಬೇಕೆಂದೇ ಕದಡುತ್ತಾರೆ. ಕೃತಕವೆನಿಸುವ ಈ ಕೆಲಸವೇ ಅನುಮಾನವನ್ನು ಪ್ರಾಮಾಣಿಕವಾಗಿಸುತ್ತದೆ: ಉಪಾಧಿಯನ್ನು ಗುರುತಿಸಿ ಹಿಡಿತಕ್ಕೆ ತಂದಂತಾಗುತ್ತದೆ.

ಎಲ್ಲ ಉಪಾಧಿಯೂ ಹೀಗೆ ಕೈಗೆ ಸಿಗುವುದಿಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಾಮ್‌ಗಳ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಮೇಲಿನಿಂದ ಬರುವ ಮ್ಯೂಆನ್ ಎಂಬ ಕಣಗಳನ್ನು ಬಂಡೆ ಬಹುಪಾಲು ತಡೆದಿತ್ತು. ಅಡ್ಡಲಾಗಿ ಬಂದವಕ್ಕೆ ನ್ಯೂಟ್ರಿನೊಗಳೇ ಕಾರಣವಾಗಬೇಕಿತ್ತು. 1980ರ ದಶಕದಲ್ಲಿ ಅಲ್ಲೇ ಸುಮಾರು 140 ಟನ್ನಿನ ಕಬ್ಬಿಣದ ಪತ್ತೆಯಂತ್ರ ಪ್ರೋಟಾನಿನ ಸಾವಿಗಾಗಿ, ಅಂದರೆ ಅದರ ಕ್ಷಯಕ್ಕಾಗಿ, ಕಾದು ಕುಳಿತಿತ್ತು. ಅಂಥವೆನಿಸುವ ಕೆಲವು ಘಟನೆಗಳೂ ವರದಿಯಾದವು. ಆದರೆ ನ್ಯೂಟ್ರಿನೊ ಬಡಿದಾಗಲೂ ಇಂಥ ಗುರುತು ಮೂಡಬಹುದು, ಮತ್ತು ಅದನ್ನು ತಡೆಯುವಷ್ಟು ಬಂಡೆ ಯಾವ ಗಣಿಯಲ್ಲೂ ಇಲ್ಲ. 1965ರಲ್ಲಿ ಹುಡುಕಿ ಹಿಡಿದದ್ದೇ ಈಗ ಉಪಾಧಿಯಾಯಿತು. ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ಪತ್ತೆಯಂತ್ರಗಳಲ್ಲಿ ಪ್ರೋಟಾನಿನ ಕ್ಷಯ ಕಾಣಲಿಲ್ಲ.