ಗೆರೆಯಾಚೆಯ ತೋಳ

ಮೇಲುಕೋಟೆ ಎಂದರೆ ವೈರಮುಡಿ, ಪುಳಿಯೋಗರೆ. ಅಲ್ಲಿ ತೋಳಕ್ಕೆಂದೇ ಒಂದು ವನ್ಯಧಾಮವಿದೆ ಎಂದರೆ ಮಂಡ್ಯದವರೂ ಹುಬ್ಬೇರಿಸುತ್ತಾರೆ. 1974ರಲ್ಲಿ ಘೋಷಣೆಯಾದದ್ದು, ಪಾಂಡವಪುರದ ಕುರುಚಲು ಕಾಡಿನ ಜೊತೆ ಕೆ.ಆರ್. ಪೇಟೆ ಕಡೆಯ ನಾರಾಯಣದುರ್ಗವೂ ಸೇರಿ ಸುಮಾರು 50 ಚದರ ಕಿ.ಮೀ. ಇದೇ ಜಿಲ್ಲೆಯ ಶ್ರೀರಂಗಪಟ್ಟಣದ ರಂಗನತಿಟ್ಟು ಪಕ್ಷಿಧಾಮ 1940ರದು, ಒಂದು ಚದರ ಕಿ.ಮೀ. ಕೂಡ ಇಲ್ಲ. ನಾಗಮಂಗಲದ ಆದಿಚುಂಚನಗಿರಿ ನವಿಲುಧಾಮವೂ ಅಷ್ಟೇ ಪುಟ್ಟದು.

ಇಷ್ಟು ಚಿಕ್ಕ ಗೆರೆಯೊಳಗೆ ತೋಳದ, ಹಕ್ಕಿಯ ಸಂಸಾರ ಸಾಗದು. ತೋಳ ಗೋಮಾಳಕ್ಕೆ ಇಳಿಯುತ್ತದೆ, ಕುರಿಹಟ್ಟಿಯ ಸುತ್ತ ಸುಳಿಯುತ್ತದೆ. ರಂಗನತಿಟ್ಟಿನ ಹಕ್ಕಿ ಕೆರೆ, ಗದ್ದೆ ಸುತ್ತಿ ಮರಿಗೆ ಗುಟುಕು ತರುತ್ತದೆ. ಆ ಜಾಗಗಳು ಅರಣ್ಯ ಇಲಾಖೆಯ ಕೈಯಲ್ಲಿಲ್ಲ, ಊರವರ ಕೈಯಲ್ಲಿವೆ.

ಊರವರು ಮನಸ್ಸು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಮಗಳೆಂದೇ ಊರು ಅವನ್ನು ಕಾಣುತ್ತದೆ. ಭಾವನೆಯೊಂದೇ ಅಲ್ಲ, ಲೆಕ್ಕವೂ ಇತ್ತು: ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆದರೂ ಗೂಡಿರುವ ಮರದಲ್ಲಿ ಹುಣಸೆ ಬಡಿಯುವಂತಿಲ್ಲ. ಆ ನಷ್ಟಕ್ಕೆ ಇಲಾಖೆ ಒಂದಿಷ್ಟು ಹಣ ಕೊಡಬೇಕಾಯಿತು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು 1990ರ ದಶಕದಲ್ಲಿ ಊರವರ ಜೊತೆ ಕೂತರು. ಯುವಕರ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ನನ್ನ ಎಣಿಕೆಯಲ್ಲಿ ಆ ಸರ್ಕಾರಿ ಆದೇಶಕ್ಕಿಂತ ಬಳಗದ ಮೀನಿನ ಬುಟ್ಟಿಯೇ ದೊಡ್ಡದು.

ಆದರೆ ಒಂದೂರಿನ ಪ್ರೀತಿ ಸಾಲದು. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳು. ಅದು ಮೀನಿನಿಂದ ಬರುವಂಥದ್ದು. ಗೂಡಿನ ಮರ ಕೊಕ್ಕರೆ ಬೆಳ್ಳೂರಿನದು, ಹಕ್ಕಿ ಮೀನು ಹಿಡಿಯುವ ಕೆರೆ ಇನ್ನೊಂದೂರಿನದು. ಆ ಕೆರೆಗೆ ಏನು ಬಂದು ಸೇರುತ್ತದೆ ಎಂದು ಕೇಳಬೇಕಾದವರು ಯಾರು?

ಅದಕ್ಕೂ ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರಿನ ಗಿಡ, ಪ್ರಾಣಿ, ತಳಿ, ನಾಟಿ ತಿಳಿವಳಿಕೆಯನ್ನೆಲ್ಲ ಅದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಕುರಿಗಾಹಿ, ಮೀನು ಹಿಡಿಯುವವರು, ನಾಟಿ ವೈದ್ಯರು ಕೂತು ಬರೆಸಿದರೆ ಮಾತ್ರ ಆ ಪುಸ್ತಕಕ್ಕೆ ಬೆಲೆ. ಅಕ್ಕಪಕ್ಕದ ಸಮಿತಿಗಳು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಸೇರಿದರೆ ಗೋಮಾಳದ ತೋಳದ ಮಾತೂ ಬರುತ್ತದೆ, ಕೆರೆಯ ಮಾತೂ ಬರುತ್ತದೆ.

ಮುಂದಿನ ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ: ನಮ್ಮ ಸಮಿತಿಯಲ್ಲಿ ಯಾರಿದ್ದಾರೆ, ಆ ಪುಸ್ತಕ ಎಲ್ಲಿದೆ?