ಮೋಚಿಗೆ ಸಿಕ್ಕ ಲೈಕು

ಮೇ ತಿಂಗಳ ಒಂದು ಭಾನುವಾರ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮೋಚಿ ಮಾಡಿದೆ. ಜಪಾನಿನ ಅಂಟಕ್ಕಿಯ ಸಿಹಿ ಅದು. ಒಳಗೆ ಕೆಂಪು ಕಾಳಿನ ಹೂರಣ ತುಂಬಿದರೆ ದೈಫುಕು ಅಂತಾರೆ. ಅದರಲ್ಲಿ ಸ್ಟ್ರಾಬೆರಿ ಇಡೋದು ಅಲ್ಲೂ ಹಳೇ ಸಂಪ್ರದಾಯವೇನಲ್ಲ, 1980ರ ದಶಕದಲ್ಲಿ ಶುರುವಾಗಿದ್ದು. ಹಾಗಾಗಿ ನಾನು ನಮ್ಮ ಕೋಲಾರದ ಕಡೆ ಮಾವಿನಹಣ್ಣು ಇಟ್ಟರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಒಂದು ಕಪ್ ಅಂಟಕ್ಕಿ ಹಿಟ್ಟು, ಕಾಲು ಕಪ್ ಸಕ್ಕರೆ, ಮುಕ್ಕಾಲು ಕಪ್ ನೀರು. ಮೈಕ್ರೋವೇವಿನಲ್ಲಿ ನಿಮಿಷಕ್ಕೊಮ್ಮೆ ತೆಗೆದು ತಿರುವಬೇಕು. ಎಳೆದರೆ ರಬ್ಬರಿನ ಹಾಗೆ ಬರಬೇಕು. ಕಾರ್ನ್‌ಫ್ಲೋರ್ ಉದುರಿಸಿ ತಟ್ಟಿ, ಫ್ರೀಜರಿನಲ್ಲಿಟ್ಟ ಹಣ್ಣಿನ ತುಂಡು ಒಳಗಿಟ್ಟು ಮುಚ್ಚೋದು. ಹಣ್ಣು ಮೆತ್ತಗಿದ್ದರೆ ರಸ ಬಿಟ್ಟು ಅಂಚು ಕೂಡೋದೇ ಇಲ್ಲ. ಮಾಮೂಲಿ ಅಕ್ಕಿ ಹಿಟ್ಟಿನಲ್ಲೂ ಆಗಲ್ಲ. ಅಂಟಕ್ಕಿಯಲ್ಲಿ ಅಮೈಲೋಸ್ ಅನ್ನೋ ಪಿಷ್ಟ ಇಲ್ಲವೇನೋ ಅನ್ನುವಷ್ಟು ಕಡಿಮೆ, ಅದಕ್ಕೇ ಆ ಜಿಗುಟು.

ಎಂಟರಲ್ಲಿ ಮೂರು ಒಡೆದವು. ಉಳಿದ ಐದರ ಫೋಟೋ ಆಫೀಸಿನ ಗ್ರೂಪಿಗೆ ಹಾಕಿದೆ. ಲೈಕೋ ಲೈಕು. 'ನಿನ್ನ ಹೆಂಡತಿ ಪುಣ್ಯ ಮಾಡಿದ್ದಳು' ಅಂತ ಒಬ್ಬ. ಕಾಮಸಮುದ್ರದಿಂದ ಬಂದಿದ್ದ ಅಮ್ಮನಿಗೆ ಫೋನು ತೋರಿಸಿದೆ. ಅವಳು ನನ್ನ ಮೋಚಿ ಅಂಟಿಕೊಂಡಿದ್ದ ಬಟ್ಟಲು ಉಜ್ಜುತ್ತಿದ್ದಳು.

"ಕಡುಬಿನ ಥರಾನೇ ಅಲ್ವೇನೋ?"

ಹೌದಲ್ಲ! ಪ್ರತಿ ಗಣೇಶನ ಹಬ್ಬಕ್ಕೂ ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಮಿಲ್ಲಿಗೆ ಹೊತ್ತು, ಕುದಿಯೋ ನೀರಿಗೆ ಹಿಟ್ಟು ಸುರಿದು, ಕೈ ಚುರ್ ಅಂದರೂ ನಾದಿ, ಕಾಯಿ ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸಿದವಳು ಅವಳು. ಐವತ್ತೋ ಅರವತ್ತೋ. ಒಂದು ಫೋಟೋ ಇಲ್ಲ. ನಾವು ಬಾಯಿ ತೆರೆದಿದ್ದು ಹಿಟ್ಟು ಗಟ್ಟಿಯಾದ ವರ್ಷ ಮಾತ್ರ.

ಸರ್ವರ್ ಓಡುತ್ತಿರುವಾಗ ಯಾರೂ ಥ್ಯಾಂಕ್ಸ್ ಹೇಳಲ್ಲ, ಬಿದ್ದಾಗಲೇ ಫೋನು ಬರೋದು. ಇದೂ ಹಾಗೇ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಅದು ಕಾರಣವಾಯಿತೇ ಹೊರತು ಸಮರ್ಥನೆ ಆಗಲಿಲ್ಲ. ನನಗೂ ಅಮ್ಮನಿಗೂ ಇರೋ ವ್ಯತ್ಯಾಸ ಕೈಚಳಕದ್ದಲ್ಲ. ಮೂರನೆಯ ಉಂಡೆ ಒಡೆದಾಗ ನಾನು ಎಲ್ಲವನ್ನೂ ಕಸಕ್ಕೆ ಹಾಕಿ ಆನ್‌ಲೈನಿನಲ್ಲಿ ತರಿಸಬಹುದಿತ್ತು. ಅಮ್ಮ ಯಾವತ್ತಾದರೂ 'ಈ ಸಲ ಕಡುಬು ಬೇಡ' ಅನ್ನಬಹುದಿತ್ತಾ? ಬಿಡೋ ಅವಕಾಶ ಇದ್ದವನ ಕೆಲಸ ಹವ್ಯಾಸ, ಇಲ್ಲದವಳದ್ದು ಹಬ್ಬದ ಕೆಲಸ. ಗ್ರೂಪಿನವರು ಮೆಚ್ಚಿದ್ದು ನನ್ನ ಶ್ರಮವನ್ನಲ್ಲ, ನನಗಿದ್ದ ಬಿಡುವನ್ನು.

ಹಾಗಾದರೆ ಈಗ ಅಮ್ಮನನ್ನು ಹೊಗಳಿಬಿಟ್ಟರೆ ಸರಿಹೋಗುತ್ತಾ? ನನಗೆ ಅನುಮಾನ. 'ಅಮ್ಮನ ಕೈರುಚಿ ಯಾರಿಗೂ ಬರಲ್ಲ' ಅಂತ ಹಬ್ಬಕ್ಕೊಂದು ಪೋಸ್ಟ್ ಹಾಕ್ತೀವಲ್ಲ, ಅದರ ಅರ್ಥ ಮುಂದಿನ ವರ್ಷವೂ ನೀನೇ ಮಾಡು ಅಂತಲೇ. ಹೊಗಳಿಕೆಯೂ ಒಂದು ಹಗ್ಗ. ಬೈಗುಳಕ್ಕಾದರೆ ತಿರುಗಿ ಬೈಯಬಹುದು, ಇದಕ್ಕೆ ಏನು ಮಾಡೋದು?

"ಅಮ್ಮ, ನಿಂಗೆ ಕಡುಬು ಮಾಡೋದು ಇಷ್ಟಾನಾ?" ಕೇಳಿಯೇಬಿಟ್ಟೆ. ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

"ಮಾಡೋದಾ? ಗೊತ್ತಿಲ್ಲಪ್ಪ. ತಿನ್ನೋದು ಇಷ್ಟ. ಬಿಸಿಬಿಸಿ ಇದ್ರೆ."

ಎಲ್ಲರದ್ದೂ ಆದಮೇಲೆ ಅವಳು ತಟ್ಟೆ ಹಾಕಿಕೊಳ್ಳೋ ಹೊತ್ತಿಗೆ ಕಡುಬು ಯಾವತ್ತೂ ತಣ್ಣಗಾಗಿರುತ್ತಿತ್ತು.

ಆ ವರ್ಷ ಹಬ್ಬಕ್ಕೆ ಊರಿಗೆ ಒಂದು ದಿನ ಮುಂಚೆ ಹೋದೆ. ಹಿಟ್ಟು ನಾನೇ ನಾದಿದೆ. ಅರ್ಧಕ್ಕರ್ಧ ಬಿರುಕು, ಹೂರಣ ಆಚೆ. ಮೊದಲನೇ ಸುತ್ತು ಇಳಿಸಿ, ಅಪ್ಪ ಇನ್ನೂ ಸ್ನಾನಕ್ಕೆ ಹೋಗಿದ್ದಾಗಲೇ, ನೈವೇದ್ಯಕ್ಕೆ ಎರಡು ತೆಗೆದಿಟ್ಟು ಅಮ್ಮನ ತಟ್ಟೆಗೆ ನಾಲ್ಕು ಹಾಕಿದೆ. ಅಪ್ಪ ಬಂದುಬಿಡ್ತಾರೆ ಅಂತ ಎರಡು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ ಕೂತಳು.