ಪರದೇಶದ ಸೇನಾಗೃಹಗಳೂ ಸರದಿಯ ಧರ್ಮವೂ

ಬೇಡುವವರು ಹೆಚ್ಚಾಗಿ ಕೊಡತಕ್ಕ ವಸ್ತುವು ಕಡಿಮೆಯಾದಾಗ ಮೊದಲು ಯಾರಿಗೆ ಕೊಡಬೇಕು? ಈ ಪ್ರಶ್ನೆಯು ಮೇಲುನೋಟಕ್ಕೆ ಉಗ್ರಾಣದವನ ಲೆಕ್ಕದಂತೆ ಕಂಡರೂ ವಸ್ತುತಃ ಧರ್ಮವಿಚಾರಕ್ಕೆ ಸೇರಿದ್ದು. ಹೊಳೆಯು ತುಂಬಿ ಹರಿಯುವಾಗ ಕೊಡದ ಸರದಿಯನ್ನು ಯಾರೂ ಕೇಳುವುದಿಲ್ಲ; ಬಾವಿಯು ಬತ್ತಿದಾಗಲೇ ಸರದಿಯೂ, ಅದರೊಡನೆ ನ್ಯಾಯಾನ್ಯಾಯಗಳ ಮಾತೂ ಹುಟ್ಟುತ್ತವೆ. ಇದನ್ನು ವಿಚಾರಿಸುವುದಕ್ಕೆ ಪರದೇಶಗಳಲ್ಲಿ ನೆಲಸಿರುವ ಸೈನಿಕರ ಸಂಸಾರಗಳಿಗೆ ಸರಕಾರವು ಮನೆಗಳನ್ನು ಹಂಚುವ ಕ್ರಮವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳುತ್ತೇನೆ. ಈ ವಿಷಯವು ನಮಗೆ ಬಹುದೂರದ್ದೆಂದು ವಾಚಕರು ಭಾವಿಸಬಾರದು. 1809ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಂಡು, ಇಂಗ್ಲಿಷ್ ಸಿಪಾಯಿಯ ಹೆಂಡಿರುಮಕ್ಕಳ ಪಾಲಿಗೆ ಪರದೇಶದ ಸರಕಾರಿ ಬಿಡಾರವೇ ಆಗಿತ್ತು.

ಸೈನಿಕನಿಗೆ ಸರಕಾರವು ಮನೆಯನ್ನೇಕೆ ಕೊಡಬೇಕೆಂಬುದನ್ನು ಮೊದಲು ನೋಡೋಣ. ವ್ಯಾಪಾರಿಯು ಲಾಭವನ್ನು ಎಣಿಸಿ ಊರು ಬಿಡುತ್ತಾನೆ. ಯಾತ್ರಿಕನು ಪುಣ್ಯವನ್ನು ಎಣಿಸಿ ಹೊರಡುತ್ತಾನೆ. ಸೈನಿಕನಾದರೋ ಆಜ್ಞೆಯಿಂದ ಹೊರಡತಕ್ಕವನು. ಹೋದ ದೇಶದಲ್ಲಿ ಅವನ ಹೆಂಡತಿಗೆ ತವರಿಲ್ಲ, ನೆಂಟರಿಲ್ಲ, ಆ ನಾಡಿನ ಭಾಷೆಯೂ ತಿಳಿಯದು. ಆದಕಾರಣ ಅವನನ್ನು ಕಳುಹಿಸಿದವರು ಅವನ ಸಂಸಾರಕ್ಕೆ ಸೂರನ್ನು ಒದಗಿಸುವುದು ದಾನವಲ್ಲ, ಋಣ. ಋಣವೆಂದು ಒಪ್ಪಿದ ಮೇಲೆ ಅದನ್ನು ತೀರಿಸುವ ಕ್ರಮವೂ ನ್ಯಾಯವಾಗಿಯೇ ಇರಬೇಕಾಗುತ್ತದೆ.

ಆದರೆ ಈ ಋಣವನ್ನು ಪ್ರಭುತ್ವಗಳು ಒಪ್ಪಿಕೊಂಡದ್ದು ಬಹು ತಡವಾಗಿ. 19ನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷ್ ಪಟಾಲವು ಸಮುದ್ರವನ್ನು ದಾಟುವಾಗ ನೂರು ಮಂದಿ ಸಿಪಾಯಿಗಳಿಗೆ ಸಾಮಾನ್ಯವಾಗಿ 6 ಮಂದಿ ಹೆಂಗಸರಿಗೆ ಮಾತ್ರ ಹಡಗಿನಲ್ಲಿ ಸ್ಥಳವಿರುತ್ತಿತ್ತು. ಹಿಂದೂಸ್ಥಾನಕ್ಕೆ ಹೊರಟವರಲ್ಲಿ ಈ ಸಂಖ್ಯೆಯು 12. ಮೇಲಧಿಕಾರಿಯ ಅಪ್ಪಣೆಯಿಂದ ಮದುವೆಯಾದವಳ ಹೆಸರು ಮಾತ್ರ ಪಟಾಲದ ದಫ್ತರಕ್ಕೆ ಸೇರುತ್ತಿತ್ತು. ಅಂಥವರೇ ಲೆಕ್ಕಕ್ಕೆ ಮೀರಿದ್ದರೆ ಪ್ರಯಾಣದ ಹೊತ್ತಿಗೆ ಚೀಟಿ ಎತ್ತಿಸುತ್ತಿದ್ದರು. ಹೋಗತಕ್ಕವಳೆಂಬ ಚೀಟಿ ಬಂದವಳು ಹಡಗನ್ನು ಹತ್ತಿದಳು. ಉಳಿಯತಕ್ಕವಳೆಂದು ಬಂದವಳು ಕೂಸನ್ನೆತ್ತಿಕೊಂಡು ದಡದಲ್ಲಿ ನಿಂತಳು. ಚೀಟಿಗೆ ಪಕ್ಷಪಾತವಿಲ್ಲವೆಂಬುದು ನಿಜ. ಆದರೆ ಪಕ್ಷಪಾತವಿಲ್ಲದ್ದೆಲ್ಲವೂ ನ್ಯಾಯವಾಗುವುದಾದರೆ ಸಿಡಿಲನ್ನೂ ನ್ಯಾಯಾಧೀಶನೆನ್ನಬೇಕಾದೀತು. ಹೋದವಳಿಗೂ ಸುಖವಿರಲಿಲ್ಲ. ಪ್ರತ್ಯೇಕವಾದ ಸಂಸಾರಗೃಹಗಳು ಕಟ್ಟಲ್ಪಡುವುದಕ್ಕೆ ಮುಂಚೆ, ಹತ್ತಾರು ಗಂಡಸರು ಮಲಗುವ ಬಾರಕ್ಕಿನ ಒಂದು ಮೂಲೆಗೆ ಕಂಬಳಿಯನ್ನೋ ಹಚ್ಚಡವನ್ನೋ ಅಡ್ಡಕಟ್ಟಿಕೊಂಡು ಸಂಸಾರ ಮಾಡುವುದು ಸಾಮಾನ್ಯವಾಗಿತ್ತು. ಗಂಡನು ಸತ್ತರೆ ಅನ್ನಕ್ಕೂ ಬಿಡಾರಕ್ಕೂ ಇದ್ದ ಹಕ್ಕು ಸ್ವಲ್ಪಕಾಲದಲ್ಲಿಯೇ ಮುಗಿಯುತ್ತಿದ್ದುದರಿಂದ ಅನೇಕ ವಿಧವೆಯರು ಬಹುಬೇಗನೆ ಮತ್ತೊಬ್ಬ ಸಿಪಾಯಿಯನ್ನು ಮದುವೆಯಾಗುತ್ತಿದ್ದರು. ಅದನ್ನು ಚಾಪಲ್ಯವೆಂದು ನಿಂದಿಸಿದವರು ಆ ನಿಯಮವನ್ನು ಓದಿರಲಿಲ್ಲ.

ಈಗಿನ ಕಾಲದಲ್ಲಿ ಸೈನಿಕರ ಕುಟುಂಬಗಳನ್ನು ಅತ್ಯಧಿಕವಾಗಿ ಪರದೇಶಗಳಲ್ಲಿ ಇರಿಸಿರುವುದು ಅಮೆರಿಕ ಸಂಯುಕ್ತ ಸಂಸ್ಥಾನ. ಜಪಾನ್, ಜರ್ಮನಿ, ಕೊರಿಯಾ ಮೊದಲಾದೆಡೆಗಳಲ್ಲಿ ಅವರು ಅನುಸರಿಸುವ ಕ್ರಮದ ಸಾರವಿದು. ಅಧಿಕಾರಿಗಳ ಮಂಜೂರಾತಿಯೊಡನೆ ಬಂದ ಕುಟುಂಬಕ್ಕೆ ಮಾತ್ರ ಸರಕಾರಿ ಮನೆಯ ಅರ್ಹತೆಯುಂಟು. ದರ್ಜೆಗೊಂದು ಪಂಕ್ತಿ, ಮಕ್ಕಳ ಸಂಖ್ಯೆ, ವಯಸ್ಸು, ಗಂಡುಹೆಣ್ಣೆಂಬ ಭೇದ ಇವುಗಳನ್ನು ನೋಡಿ ಕೊಠಡಿಗಳ ನಿರ್ಣಯ. ಬಂದ 30 ದಿನಗಳೊಳಗೆ ಅರ್ಜಿಯನ್ನು ಕೊಟ್ಟವನ ಸರದಿಯನ್ನು ಸಾಮಾನ್ಯವಾಗಿ ಅವನು ಹಿಂದಿನ ಠಾಣ್ಯವನ್ನು ಬಿಟ್ಟ ದಿನದಿಂದಲೇ ಎಣಿಸುತ್ತಾರೆ. ಕಾರ್ಯಭಾರದ ನಿಮಿತ್ತ ಸಮೀಪದಲ್ಲಿಯೇ ಇರಬೇಕಾದವರನ್ನು ಪಟ್ಟಿಯ ಮೇಲುಭಾಗಕ್ಕೆ ಏರಿಸುವುದುಂಟು. ಆದರೆ ಪಟ್ಟಿಯ ಮೊದಲಿನ ನೂರಕ್ಕೆ ಹತ್ತು ಪಾಲಿನಲ್ಲಿ ಇರುವವರನ್ನು ಹೊಸದಾಗಿ ಬಂದವರಿಗಾಗಿ ಸಾಮಾನ್ಯವಾಗಿ ಕೆಳಕ್ಕೆ ತಳ್ಳಕೂಡದು. ಈ ಕಡೆಯ ನಿಯಮವು ನನಗೆ ಬಹಳ ಮೆಚ್ಚಿಕೆಯಾಯಿತು. ಬಾಗಿಲವರೆಗೆ ಬಂದವನ ನಿರೀಕ್ಷೆಯೂ ಒಂದು ಬಗೆಯ ಹಕ್ಕೆಂಬುದನ್ನು ಅದು ಅಂಗೀಕರಿಸುತ್ತದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ದರ್ಜೆಗೆ ತಕ್ಕಂತೆ ಮನೆಯೇಕೆ? ದಳಪತಿಯ ಮಗುವಿಗೂ ಸಿಪಾಯಿಯ ಮಗುವಿಗೂ ಮಳೆಯು ಒಂದೇ ಅಲ್ಲವೇ? ಉತ್ತರವನ್ನು ವಿಂಗಡಿಸಿ ಹೇಳಬೇಕು. ರೋಗಿಯ ಕರೆಗೆ ಅರ್ಧರಾತ್ರಿಯಲ್ಲಿ ಓಡಿಬರಬೇಕಾದ ವೈದ್ಯನಿಗೆ ಆಸ್ಪತ್ರೆಯ ಬಳಿಯಲ್ಲಿ ಮನೆಯನ್ನು ಕೊಟ್ಟರೆ ಅದು ರೋಗಿಗೆ ಮಾಡಿದ ಉಪಕಾರವೇ ಹೊರತು ವೈದ್ಯನಿಗೆ ಮಾಡಿದ ಮರ್ಯಾದೆಯಲ್ಲ. ಕರ್ತವ್ಯಕ್ಕಾಗಿ ಕೊಡುವ ಪ್ರಾಶಸ್ತ್ಯವು ಯುಕ್ತವಾದದ್ದು. ಗೌರವಕ್ಕಾಗಿ ಕೊಡುವ ಕೊಠಡಿಯು, ಬಯಲಿನಲ್ಲಿ ಯಾರೂ ಕಾಯುತ್ತಿಲ್ಲದಿದ್ದರೆ ಮಾತ್ರ ನಿರ್ದೋಷವಾದದ್ದು.

ಹಾಗಾದರೆ ಸರದಿಯನ್ನು ಎಂದಿಗೂ ಮೀರಕೂಡದೇ? ಸೂಚೀಕಟಾಹನ್ಯಾಯವನ್ನು ಸಂಸ್ಕೃತಪಾಠಶಾಲೆಯಲ್ಲಿ ನಾವು ಬಾಲ್ಯದಲ್ಲಿಯೇ ಕಲಿತೆವು. ಕಮ್ಮಾರನ ಬಳಿಗೆ ಮೊದಲು ಬಂದವನು ಕೊಪ್ಪರಿಗೆಯನ್ನು ಕೇಳಿದನು. ಬಳಿಕ ಬಂದವನು ಸೂಜಿಯನ್ನು ಕೇಳಿದನು. ಕಮ್ಮಾರನು ಸೂಜಿಯನ್ನೇ ಮೊದಲು ಮಾಡಿಕೊಟ್ಟನು. ಮೊದಲಿನವನಿಗೆ ಆಗುವ ವಿಳಂಬವು ಅಲ್ಪ, ಎರಡನೆಯವನಿಗೆ ತಪ್ಪುವ ಕಾಯುವಿಕೆಯು ಅಧಿಕ. ಈ ಪ್ರಮಾಣವನ್ನು ತೂಗಿ ನೋಡದೆ ಸರದಿಯನ್ನು ಮುರಿಯುವವನು ಅನ್ಯಾಯಗಾರನು. ತೂಗಿ ನೋಡಿದ ಮೇಲೆಯೂ ಮುರಿಯಲಾರದವನು ಜಡನು.

ಆ ಜಡತ್ವವು ನನ್ನದೂ ಆಗಿತ್ತು. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ಉಪಾಧ್ಯಾಯರಿಗಾಗಿ ಮೂರು ವಸತಿಗೃಹಗಳಿದ್ದವು. ಅವುಗಳ ಪಟ್ಟಿಯು ನನ್ನ ವಶದಲ್ಲಿತ್ತು. ಒಂದು ಮನೆಯು ತೆರವಾದಾಗ ಸರದಿಯು ಊರಿನಲ್ಲಿಯೇ ಸ್ವಂತ ಮನೆಯಿದ್ದ ಹಿರಿಯರೊಬ್ಬರದಾಗಿತ್ತು. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ತರುಣರೊಬ್ಬರು, ಹೆಂಡತಿಯು ತುಂಬಿದ ಗರ್ಭಿಣಿ, ಬಾಡಿಗೆಗೆ ಎಲ್ಲಿಯೂ ಮನೆ ಸಿಕ್ಕದೆಂದು ಹೇಳಿಕೊಂಡರು. ನಾನು ಪಟ್ಟಿಯನ್ನು ತೋರಿಸಿದೆನು. ಅವರು ಹೆಂಡತಿಯನ್ನು ತವರಿನಲ್ಲಿ ಬಿಟ್ಟು ಛತ್ರದ ಕೋಣೆಯೊಂದರಲ್ಲಿ ವರ್ಷವನ್ನು ಕಳೆದರು. ಮಗು ಹುಟ್ಟಿ ಎರಡು ತಿಂಗಳಾದ ಮೇಲೆ ಅದರ ಮುಖವನ್ನು ಕಂಡರು. ಮತ್ತೊಂದೂರಿಗೆ ವರ್ಗವಾಗಿ ಹೊರಡುವಾಗ, “ತಮ್ಮದೇನೂ ತಪ್ಪಿಲ್ಲ ಮೇಷ್ಟರೇ, ಪಟ್ಟಿಯಲ್ಲಿ ಇದ್ದುದು ಹೆಸರು, ತಾರೀಖು ಎರಡೇ ತಾನೇ” ಎಂದು ಕೈಮುಗಿದರು. ಆ ಮಾತಿನಲ್ಲಿ ಕೋಪವಿರಲಿಲ್ಲವಾದ್ದರಿಂದಲೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಪಶ್ಚಾತ್ತಾಪದಿಂದ ಮುಂದಿನ ಸಲ ನಾನು ಸರದಿಯನ್ನು ಮುರಿದು, ಬಂದು ಕಣ್ಣೀರಿಟ್ಟವರೊಬ್ಬರಿಗೆ ಮನೆಯನ್ನು ಕೊಟ್ಟೆನು. ಅದು ಮತ್ತೂ ದೊಡ್ಡ ತಪ್ಪಾಯಿತು. ಅವರಿಗಿಂತ ಹೆಚ್ಚಿನ ಕಷ್ಟದಲ್ಲಿದ್ದವರೊಬ್ಬರು ಸಂಕೋಚಪಟ್ಟು ನನ್ನ ಬಾಗಿಲಿಗೆ ಬಂದೇ ಇರಲಿಲ್ಲವೆಂಬುದು ಬಳಿಕ ತಿಳಿಯಿತು. ಮೊದಲ ಸಲ ನನಗೆ ನಿಯಮವಿತ್ತು, ಕಣ್ಣಿರಲಿಲ್ಲ. ಎರಡನೆಯ ಸಲ ಕಣ್ಣಿತ್ತು, ನಿಯಮವಿರಲಿಲ್ಲ. ವ್ಯಾಕರಣದಲ್ಲಿ ಉತ್ಸರ್ಗಕ್ಕಿಂತ ಅಪವಾದವು ಬಲವತ್ತರವಾದದ್ದು; ಆದರೆ ಅಪವಾದವನ್ನೂ ಸೂತ್ರಕಾರನೇ ವಿಧಿಸಿರಬೇಕು, ಓದುವವನು ಮನಬಂದಂತೆ ಕಲ್ಪಿಸಿಕೊಳ್ಳುವಂತಿಲ್ಲ. ಕರುಣೆಯ ವಿಷಯದಲ್ಲಿಯೂ ಹೀಗೆಯೇ ಎಂದು ನನಗೆ ಆಗ ಮನವರಿಕೆಯಾಯಿತು. ಯಾವ ಕಷ್ಟಕ್ಕೆ ಸರದಿಯು ದಾರಿ ಬಿಡಬೇಕೆಂಬುದನ್ನು ಮೊದಲೇ ಬರೆದು ಎಲ್ಲರಿಗೂ ತಿಳಿಸಿದರೆ, ಮಾತಾಡಬಲ್ಲವನಿಗೂ ಮಾತಾಡಲಾರದವನಿಗೂ ಕರುಣೆಯು ಸಮನಾಗಿ ದೊರೆಯುತ್ತದೆ. ಅಮೆರಿಕದ ಸೇನಾನಿಯಮಗಳಲ್ಲಿ ವಿಶೇಷ ಕಷ್ಟಗಳಿಗೆ ಪಟ್ಟಿಯನ್ನು ಮೀರುವ ಅವಕಾಶವನ್ನು ಬರೆದೇ ಇಟ್ಟಿರುವುದು ಈ ದೃಷ್ಟಿಯಿಂದ ಶ್ಲಾಘ್ಯವಾಗಿದೆ.

ಇಷ್ಟಾದರೂ ವಿಚಾರವು ಮುಗಿಯಲಿಲ್ಲ. ಪಟ್ಟಿಯೊಳಗಿನ ನ್ಯಾಯವು ಪಟ್ಟಿಯಲ್ಲಿರುವವರಿಗೆ ಮಾತ್ರ. ಮಂಜೂರಾತಿಯಿಲ್ಲದೆ ಗಂಡನ ಹಿಂದೆ ಹೊರಟುಬಂದ ಹೆಂಡತಿಯು ಇಂದಿಗೂ ಆ ಹಳೆಯ ಪಟಾಲದ ದಫ್ತರಕ್ಕೆ ಸೇರದವಳಂತೆಯೇ ಹೊರಗಿನವಳು. ಆಕೆಗಿಂತಲೂ ಹೊರಗಿನವರು ಮತ್ತೊಬ್ಬರಿದ್ದಾರೆ. ಮನೆಯು ನಿಂತಿರುವ ನೆಲದವರು. 1946ರಲ್ಲಿ ಅಮೆರಿಕದ ಸೈನಿಕರ ಕುಟುಂಬಗಳು ಜರ್ಮನಿಗೆ ಬಂದಾಗ, ಬಾಂಬುಗಳಿಂದ ಪಾಳುಬಿದ್ದ ಆ ದೇಶದಲ್ಲಿ ಉಳಿದಿದ್ದ ಅನೇಕ ಒಳ್ಳೆಯ ಮನೆಗಳನ್ನು ನಿವಾಸಿಗಳಿಂದ ಬಿಡಿಸಿ ಅವರಿಗೆ ಕೊಡಲಾಯಿತು. ಅದೇ ವರ್ಷ ತೋಕಿಯೋ ನಗರದಲ್ಲಿ ಜಪಾನೀ ಸೈನ್ಯದ ಕವಾಯತಿನ ಮೈದಾನದ ಮೇಲೆ ವಾಷಿಂಗ್‌ಟನ್ ಹೈಟ್ಸ್ ಎಂಬ ಅಮೆರಿಕನ್ ಸಂಸಾರಗಳ ಬಡಾವಣೆಯು ಎದ್ದಿತು. ಖರ್ಚು ಸೋತ ಜಪಾನಿನದೇ. ಸುಟ್ಟ ನಗರದ ಜನರು ತಗಡಿನ ಗುಡಿಸಲುಗಳಲ್ಲಿದ್ದ ಕಾಲವದು. 1964ರ ಒಲಿಂಪಿಕ್ ಕ್ರೀಡೆಗಳ ಹೊತ್ತಿಗೆ ಆ ನೆಲವು ಹಿಂದಿರುಗಿತು. ಈಗ ಅಲ್ಲಿ ಯೋಯೋಗಿ ಉದ್ಯಾನವಿದೆ. ಒಕಿನಾವಾ ದ್ವೀಪಗಳಾದರೋ 1972ರಲ್ಲಿ ಜಪಾನಿಗೆ ಮರಳಿದರೂ ನೆಲದ ಭಾರವನ್ನು ಇನ್ನೂ ಹೊತ್ತಿವೆ. ಜಪಾನಿನ ವಿಸ್ತೀರ್ಣದಲ್ಲಿ ನೂರಕ್ಕೆ 0.6ರಷ್ಟಿರುವ ಆ ಪ್ರಾಂತದಲ್ಲಿಯೇ, ಆ ದೇಶದಲ್ಲಿ ಅಮೆರಿಕದ ಸೇನೆಗೆಂದೇ ಮೀಸಲಾದ ನೆಲದ ಸುಮಾರು ನೂರಕ್ಕೆ 70 ಪಾಲು ಇದೆ. ಬೇಲಿಯೊಳಗೆ ಎಷ್ಟು ನಿಷ್ಪಕ್ಷಪಾತವಾಗಿ ಸರದಿಯು ನಡೆದರೂ ಬೇಲಿಯ ಹೊರಗಿನ ರೈತನು ಆ ಸರದಿಯಲ್ಲಿ ಎಂದೂ ನಿಲ್ಲಲಿಲ್ಲ.

ಇದರಿಂದ ಸೈನಿಕನ ಮಗುವಿಗೆ ಸೂರು ಬೇಡವೆಂದು ನಾನು ಹೇಳುವುದಿಲ್ಲ. ಆ ಮಗುವು ಯಾರ ನೆಲವನ್ನೂ ಕಸಿದುಕೊಂಡಿಲ್ಲ. ಹಂಚುವವನು ತನ್ನ ಪಟ್ಟಿಯನ್ನೇ ಲೋಕವೆಂದು ತಿಳಿಯಬಾರದೆಂಬುದಿಷ್ಟೇ ನನ್ನ ಅಭಿಪ್ರಾಯ. ಸರದಿಯನ್ನು ಕಾಯಲಿ, ಕರುಣೆಯನ್ನು ನಿಯಮದಲ್ಲಿಯೇ ಬರೆಯಲಿ. ಬರೆದ ಮೇಲೆಯೂ ಬಿಟ್ಟುಹೋದ ಹೆಸರು ಯಾವುದೆಂದು ಆಗಾಗ್ಗೆ ವಿಚಾರಿಸಲಿ. ನಮ್ಮ ಊರುಗಳಲ್ಲಿಯೂ ಮನೆ, ನಿವೇಶನ, ವಿದ್ಯಾರ್ಥಿನಿಲಯದ ಸ್ಥಳ ಇವುಗಳನ್ನು ಹಂಚುವ ಮಹನೀಯರು ಅನೇಕರಿದ್ದಾರೆ. ಅವರ ಕೈಯಲ್ಲಿಯೂ ಇಂಥದೇ ಪಟ್ಟಿಗಳಿವೆ. ನಾನು ತಡವಾಗಿ ಕಲಿತುದನ್ನು ಅವರು ಮೊದಲೇ ಅರಿಯಲೆಂಬ ಆಶೆಯಿಂದ ಇಷ್ಟನ್ನು ಬರೆದಿದ್ದೇನೆ.